ಡೇಲಿಲಿ ಸಾಲನ್ನು ಕಿತ್ತು ಬಿಸಾಡಬೇಡಿ, ಬುಡ ಬಿಡಿಸಲು ಇದೇ ಸರಿಯಾದ ಹೊತ್ತು

ನಮಸ್ಕಾರ ಮೇಡಂ. ದಯವಿಟ್ಟು ಕಿತ್ತು ಬಿಸಾಡಬೇಡಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ನ್ಯೂಜೆರ್ಸಿಯಲ್ಲಿ ಹಳೇ ಮನೆ ತಗೊಂಡಿದ್ದೀರಿ. ಮುಂದಿನ ಅಂಗಳದಲ್ಲಿ ಹಿಂದಿನವರು ಹಾಕಿದ ಡೇಲಿಲಿ ಹೂಗಿಡಗಳ ಸಾಲು ಇದೆ. ಜುಲೈನಲ್ಲಿ ಹೂವು ಕಡಿಮೆ ಬಂತು, ಈಗ ಆಗಸ್ಟ್ ಕೊನೆಗೆ ಎಲೆಯೆಲ್ಲ ಹಳದಿ, ಕಂದು. ಇದನ್ನು ತೆಗೆದು ಬೇರೆ ಏನಾದರೂ ಹಾಕೋಣವಾ, ಹೇಗೂ ಈ ವರ್ಷದ ತೋಟದ ಕೆಲಸ ಮುಗೀತಲ್ಲ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿರುವ ಅಮ್ಮನಿಗೆ ಒಂದೆರಡು ಗಡ್ಡೆ ಒಯ್ಯಬಹುದಾ ಅಂತಲೂ ಕೇಳಿದ್ದೀರಿ. ನಾನೂ ಇದೇ ರಾಜ್ಯದ ಜೇಡಿಮಣ್ಣಿನಲ್ಲಿ ಡೇಲಿಲಿ ಬೆಳೆಸುವವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದು, ಕೆಲಸ ಮುಗಿದಿಲ್ಲ. ಡೇಲಿಲಿ ಮಟ್ಟಿಗೆ ಹೇಳುವುದಾದರೆ ಮುಂದಿನ ಜುಲೈನ ಹೂವಿಗೆ ಈಗ ಮಾಡುವ ಕೆಲಸವೇ ಬುನಾದಿ. ಹೂವು ಮುಗಿದ ಮೇಲೆ ಗಿಡ ಹೊಸ ಬೇರು ಬಿಡುತ್ತದೆ, ಬೇರಿನಲ್ಲಿ ಆಹಾರ ತುಂಬಿಟ್ಟುಕೊಳ್ಳುತ್ತದೆ. ಮಣ್ಣು ಇನ್ನೂ ಬೆಚ್ಚಗಿದೆ, ಗಾಳಿ ತಣ್ಣಗಾಗುತ್ತಾ ಬರುತ್ತಿದೆ. ಒತ್ತಾಗಿ ಬೆಳೆದ ಬುಡವನ್ನು ಅಗೆದು, ಭಾಗ ಭಾಗವಾಗಿ ಬಿಡಿಸಿ ನೆಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ನಮಗೂ ಅಷ್ಟೇ, ಜುಲೈ ಸೆಕೆಯಲ್ಲಿ ಹತ್ತು ನಿಮಿಷ ನಿಲ್ಲಲು ಆಗದ ಅಂಗಳದಲ್ಲಿ ಈಗ ಸಂಜೆ ಆರರ ಮೇಲೆ ಆರಾಮಾಗಿ ಕೂತು ಕೆಲಸ ಮಾಡಬಹುದು. ವರ್ಷದಲ್ಲಿ ನನಗೆ ತುಂಬಾ ಇಷ್ಟವಾದ ತಿಂಗಳು ಇದು.

ಮೊದಲು ನಿಮ್ಮದು ಯಾವ ಡೇಲಿಲಿ ಅಂತ ನೋಡಿಕೊಳ್ಳಿ, ಯಾಕೆಂದರೆ ಮುಂದಿನ ಸಲಹೆ ಅದರ ಮೇಲೆ ನಿಂತಿದೆ. ಮೂರು ಅಡಿ ಎತ್ತರದ ಹೂದಂಟು, ಕಿತ್ತಳೆ ಬಣ್ಣದ ಹೂವು, ಇಲ್ಲಿನ ರಸ್ತೆ ಬದಿಯ ಚರಂಡಿ ಪಕ್ಕದಲ್ಲೆಲ್ಲ ಕಾಣುವಂಥದ್ದಾದರೆ ಅದು ಏಷ್ಯಾದಿಂದ ಬಂದು ಇಲ್ಲಿ ಕಾಡು ಬಿದ್ದ ಜಾತಿ. ಅದು ಬೀಜ ಕಟ್ಟುವುದಿಲ್ಲ, ಆದರೆ ಮಣ್ಣಿನೊಳಗೇ ಹಂಬು ಬಿಟ್ಟು ಹಬ್ಬುತ್ತದೆ, ಪಕ್ಕದ ಗಿಡಗಳಿಗೆ ಜಾಗವೇ ಬಿಡುವುದಿಲ್ಲ. ಅದನ್ನು ಇಟ್ಟುಕೊಳ್ಳುವುದಾದರೆ ಸುತ್ತ ಕಾಂಕ್ರೀಟು ಇರುವ ಜಾಗದಲ್ಲಿ ಇಟ್ಟುಕೊಳ್ಳಿ. ಯಾರಿಗೂ ಹಂಚಬೇಡಿ. ತೆಗೆದ ಬೇರನ್ನು ಹಿಂದಿನ ಕಾಡಿನಂಚಿಗೆ ಎಸೆಯಬೇಡಿ, ಅಲ್ಲೂ ಬೆಳೆಯುತ್ತದೆ. ಕಸದ ಚೀಲಕ್ಕೆ ಹಾಕಿ.

ಒಂದು ಅಡಿ ಎತ್ತರದ ಗಿಡ, ಚಿನ್ನದ ಹಳದಿ ಹೂವು, ಜೂನ್‌ನಲ್ಲಿ ಒಮ್ಮೆ ಬಂದು ಆಮೇಲೂ ಅಲ್ಲೊಂದು ಇಲ್ಲೊಂದು ಬರುತ್ತಾ ಇದ್ದರೆ ಬಹುಶಃ ಸ್ಟೆಲ್ಲಾ ಡಿ ಓರೋ. ನಮ್ಮ ಇಂಡಿಯನ್ ಅಂಗಡಿಗಳ ಪಾರ್ಕಿಂಗ್ ಲಾಟ್ ಅಂಚಿನಲ್ಲೂ ಇದನ್ನೇ ಹಾಕಿರುತ್ತಾರೆ, ನೋಡಿರುತ್ತೀರಿ. 1975ರಲ್ಲಿ ನೋಂದಾಯಿಸಿದ ತಳಿ, 1985ರಲ್ಲಿ ಸ್ಟೌಟ್ ಬೆಳ್ಳಿ ಪದಕ ಬಂತು. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನಲ್ಲಿ ದಶಕಗಳ ಕಾಲ ಡೇಲಿಲಿ ತಳಿ ಬೆಳೆಸಿದ ಆರ್ಲೋ ಸ್ಟೌಟ್ ಹೆಸರಿನ ಪದಕ ಅದು, ಡೇಲಿಲಿಗೆ ಇಲ್ಲಿ ಸಿಗುವ ದೊಡ್ಡ ಗೌರವ. ಎಲ್ಲೆಲ್ಲೂ ಇದೆ ಅಂತ ಜನ ಸ್ಟೆಲ್ಲಾವನ್ನು ಹಗುರವಾಗಿ ಮಾತಾಡುತ್ತಾರೆ, ನನಗದು ಸರಿ ಕಾಣುವುದಿಲ್ಲ. ನಮ್ಮ ಜೇಡಿಮಣ್ಣಲ್ಲಿ, ಚಳಿಗಾಲದ ಉಪ್ಪು ನೀರು ಸಿಡಿಯುವ ರಸ್ತೆಯಂಚಿನಲ್ಲಿ ಇಷ್ಟು ಹೂವು ಕೊಡುವ ಗಿಡ ಬೇರೆ ಎಷ್ಟಿವೆ ಹೇಳಿ?

ಹೂವು ಯಾಕೆ ಕಡಿಮೆ ಆಯ್ತು ಅನ್ನುವುದಕ್ಕೆ ಸಾಕ್ಷಿ ಇನ್ನೂ ನಿಮ್ಮ ಅಂಗಳದಲ್ಲೇ ಇದೆ. ಒಣಗಿದ ಹೂದಂಟುಗಳನ್ನು ಕತ್ತರಿಸುವ ಮೊದಲು ತುದಿ ನೋಡಿ. ದಂಟು ಬೇಕಾದಷ್ಟಿದ್ದು, ತುದಿ ಮಾತ್ರ ಯಾರೋ ಮುರಿದುಕೊಂಡು ಹೋದ ಹಾಗಿದ್ದರೆ ಅದು ಜಿಂಕೆ. ಡೇಲಿಲಿ ಮೊಗ್ಗು ಅಂದರೆ ಜಿಂಕೆಗಳಿಗೆ ಪ್ರಾಣ, ಬೆಳಗಾಗುವಷ್ಟರಲ್ಲಿ ಸಾಲು ಖಾಲಿ ಮಾಡುತ್ತವೆ. ಹಾಗಿದ್ದರೆ ಬುಡ ಬಿಡಿಸಿ ಪ್ರಯೋಜನವಿಲ್ಲ, ಮುಂದಿನ ಮೇ ತಿಂಗಳಲ್ಲಿ ಮೊಗ್ಗು ಕಾಣುವ ಮೊದಲೇ ಬಲೆ ಕಟ್ಟಬೇಕು ಅಥವಾ ವಾಸನೆಯ ಸ್ಪ್ರೇ ಶುರು ಮಾಡಬೇಕು, ಮಳೆ ಬಂದಾಗೆಲ್ಲ ಮತ್ತೆ ಹೊಡೆಯಬೇಕು. ದಂಟುಗಳೇ ಕಡಿಮೆ ಇದ್ದು ಎಲೆ ಮಾತ್ರ ದಟ್ಟವಾಗಿದ್ದರೆ ಬುಡ ಇಕ್ಕಟ್ಟಾಗಿದೆ, ಇಲ್ಲವೇ ಹಿಂದಿನವರು ನೆಟ್ಟಾಗ ಚಿಕ್ಕದಿದ್ದ ಮರ ಈಗ ಬೆಳೆದು ನೆರಳು ಮಾಡಿದೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಇನ್ನೊಂದು ಕಾರಣ ಪಕ್ಕದ ಲಾನ್‌ಗೆ ಹಾಕುವ ಗೊಬ್ಬರ. ಅದರಲ್ಲಿ ಸಾರಜನಕ ಜಾಸ್ತಿ, ಎಲೆ ಹುಲುಸಾಗಿ ಬರುತ್ತದೆ, ಹೂವು ಬರುವುದಿಲ್ಲ.

ದಂಟು ಕತ್ತರಿಸುವಾಗ ಇನ್ನೊಂದನ್ನೂ ಗಮನಿಸಿ. ಕೆಲವು ದಂಟಿನ ಗೆಣ್ಣಿನಲ್ಲಿ ಪುಟ್ಟದಾಗಿ ಎಲೆಗಳ ಒಂದು ಕುಚ್ಚು ಬಂದಿರುತ್ತದೆ, ಬುಡದಲ್ಲಿ ಬೇರಿನ ಮೊಳಕೆ ಕಾಣುತ್ತದೆ. ಅದು ತಾಯಿ ಗಿಡದ್ದೇ ಮರಿ, ಅದೇ ಬಣ್ಣದ ಹೂವು ಬಿಡುತ್ತದೆ. ಮೇಲೊಂದು ಇಂಚು ಕೆಳಗೊಂದು ಇಂಚು ದಂಟು ಬಿಟ್ಟು ಕತ್ತರಿಸಿ ಕುಂಡದಲ್ಲಿ ನೆಟ್ಟು ತೇವ ಆರದಂತೆ ನೋಡಿಕೊಂಡರೆ ಬೇರು ಹಿಡಿಯುತ್ತದೆ. ಪುಕ್ಕಟೆ ಗಿಡ.

ಎಲೆ ವಿಷಯ. ಹೊರಗಿನ ಎಲೆ ಹಳದಿಯಾಗಿ ಒಣಗುವುದು ಈ ಹೊತ್ತಿಗೆ ಸಹಜ, ಎಳೆದರೆ ಕೈಗೇ ಬರುತ್ತದೆ. ತುದಿಯಿಂದ ಶುರುವಾಗಿ ನಡುನರದ ಉದ್ದಕ್ಕೂ ಕಂದು ಗೀರು ಇಳಿದಿದ್ದರೆ ಅದು ಲೀಫ್ ಸ್ಟ್ರೀಕ್ ಅನ್ನುವ ಬೂಷ್ಟು ರೋಗ, ನೋಡಲು ಕೆಟ್ಟದಾಗಿರುತ್ತದೆಯೇ ಹೊರತು ಗಿಡ ಸಾಯುವುದಿಲ್ಲ. ನೋಡಬೇಕಾದದ್ದು ತುಕ್ಕು ರೋಗ. ಬಿಳಿ ಟಿಶ್ಯೂ ಪೇಪರ್ ತಗೊಂಡು ಎಲೆಯ ಹಿಂಭಾಗವನ್ನು ಬುಡದಿಂದ ತುದಿಗೆ ಒರೆಸಿ. ಪೇಪರಿಗೆ ಕಿತ್ತಳೆ ಪುಡಿ ಅಂಟಿದರೆ ತುಕ್ಕು. ಅಮೆರಿಕದಲ್ಲಿ ಇದು ಮೊದಲು ಕಂಡದ್ದು 2000ರಲ್ಲಿ, ದಕ್ಷಿಣದ ರಾಜ್ಯಗಳಲ್ಲಿ ದೊಡ್ಡ ಕಾಟ. ಎಲೆ ಪೂರ್ತಿ ಸಾಯುವಂಥ ಚಳಿ ಇರುವಲ್ಲಿ ರೋಗ ಸಾಮಾನ್ಯವಾಗಿ ಚಳಿಗಾಲ ದಾಟುವುದಿಲ್ಲ. ಹೊಸದಾಗಿ ತಂದ ಗಿಡದ ಜೊತೆ ಬರಬಹುದು, ಅಷ್ಟೇ. ರೋಗದ ಎಲೆ ಯಾವುದೇ ಇರಲಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಲಾನ್ ಕತ್ತರಿಸಲು ಬರುವವರು ಎಲ್ಲ ಎಲೆಯನ್ನೂ ನೆಲಮಟ್ಟ ಬೋಳಿಸಿ ಚೊಕ್ಕ ಮಾಡಿಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಹಸಿರು ಎಲೆ ಇರುವಷ್ಟು ದಿನ ಅದು ಬೇರಿಗೆ ಊಟ ಕಳಿಸುತ್ತಿರುತ್ತದೆ. ಒಣಗಿದ್ದನ್ನು ಮಾತ್ರ ಕೈಯಲ್ಲಿ ಎಳೆಯಿರಿ. ಒಂದು ಬಕೆಟ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಬುಡ ಚೊಕ್ಕ ಮಾಡುತ್ತಾ ಕೂತರೆ ಮನಸ್ಸು ಎಷ್ಟು ಹಗುರಾಗುತ್ತದೆ ಅಂತೀರಿ! ಮಕ್ಕಳಿದ್ದರೆ ಅವರನ್ನೂ ಕೂರಿಸಿ.

ಈಗ ಬುಡ ಬಿಡಿಸುವುದು. ನೆಟ್ಟು ಮೂರ್ನಾಲ್ಕು ವರ್ಷವಾದ ಬುಡಕ್ಕೆ ಇದು ಬೇಕಾಗುತ್ತದೆ, ನಿಮ್ಮದು ಅದಕ್ಕಿಂತ ಹಳೆಯದೇ ಇರಬೇಕು. ಹಿಂದಿನ ದಿನ ಸಂಜೆ ಚೆನ್ನಾಗಿ ನೀರು ಹಾಕಿ, ಒಣಗಿದ ಜೇಡಿಮಣ್ಣು ಅಗೆಯಲು ಹೋದರೆ ಸೊಂಟ ಹೋಗುತ್ತದೆ. ಅಗೆಯುವ ಮುಂಚೆ ಎರಡು ನಿಮಿಷ ಸುಮ್ನೆ ನಿಂತು ಸುತ್ತ ನೆಲ ನೋಡಿ. ಈ ಹೊತ್ತಿಗೆ ಹಳದಿ ಕಣಜಗಳು ನೆಲದೊಳಗೆ ಗೂಡು ದೊಡ್ಡದು ಮಾಡಿಕೊಂಡಿರುತ್ತವೆ, ಕೆಣಕಿದರೆ ಗುಂಪಾಗಿ ಬರುತ್ತವೆ. ಒಂದು ತೂತಿನಿಂದ ಹೋಗಿ ಬಂದು ಮಾಡುತ್ತಿದ್ದರೆ ಆ ಕಡೆ ಕೈ ಹಾಕಬೇಡಿ. ಪೂರ್ತಿ ಪ್ಯಾಂಟ್, ಸಾಕ್ಸ್ ಹಾಕಿಕೊಳ್ಳಿ, ರಕ್ತ ಹೀರುವ ಉಣ್ಣಿಯ (ಟಿಕ್) ಭಯ ಈ ರಾಜ್ಯದಲ್ಲಿ ಇದ್ದೇ ಇದೆ.

ಗುದ್ದಲಿಗಿಂತ ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕ್ ಒಳ್ಳೆಯದು, ಬೇರು ಕಡಿಮೆ ಕತ್ತರಿಸುತ್ತದೆ. ಎಲೆಯನ್ನು ಎಂಟು ಇಂಚಿಗೆ ಮೊಟಕು ಮಾಡಿ. ಬುಡದಿಂದ ಒಂದು ಅಡಿ ದೂರದಲ್ಲಿ ಫೋರ್ಕ್ ಇಳಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟುತ್ತಾ ಬನ್ನಿ, ಒಂದೇ ಕಡೆ ಜೋರು ಮಾಡಬೇಡಿ. ಬುಡ ಅಲುಗಾಡಿದ ಮೇಲೆ ಎತ್ತಿ ಹುಲ್ಲಿನ ಮೇಲಿಟ್ಟು ಪೈಪಿನ ನೀರಲ್ಲಿ ಮಣ್ಣು ತೊಳೆಯಿರಿ. ನೀವು ಗಡ್ಡೆ ಅಂದಿರಿ, ಆದರೆ ಡೇಲಿಲಿಗೆ ನಿಜವಾದ ಲಿಲಿಯ ಹಾಗೆ ಪದರ ಪದರದ ಗಡ್ಡೆ ಇರುವುದಿಲ್ಲ. ಹಲವು ಮಕ್ಕಳ ತಾಯಿ ಬೇರು (ಶತಾವರಿ) ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಥರ, ದಪ್ಪ ಬೇರುಗಳ ಗೊಂಚಲು, ನಡುನಡುವೆ ಉಬ್ಬಿಕೊಂಡಿರುತ್ತದೆ. ಎಲೆ ಮತ್ತು ಬೇರು ಸೇರುವ ಬಿಳಿ ಜಾಗವೇ ಗಿಡದ ಜೀವ, ಅದಕ್ಕೆ ಪೆಟ್ಟಾಗಬಾರದು.

ತೊಳೆದ ಮೇಲೆ ಎಲ್ಲಿ ಬೇರೆಯಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರೆ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಹಳೇ ಚಾಕು. ಒಂದೊಂದು ಭಾಗದಲ್ಲಿ ಎರಡು ಮೂರು ಮರಿ, ಅಂದರೆ ಬೇರು ಸಮೇತ ಎಲೆಗಳ ಕುಚ್ಚು, ಇರಲಿ. ಒಂಟಿ ಮರಿಯೂ ಬದುಕುತ್ತದೆ, ಹೂವಿಗೆ ಜಾಸ್ತಿ ಕಾಯಬೇಕು. ಮೆತ್ತಗಾದ, ಕಪ್ಪಾದ ಬೇರನ್ನೆಲ್ಲ ತೆಗೆದುಬಿಡಿ.

ನೆಡುವಾಗ ಒಂದು ಅಡಿ ಆಳ, ಅಷ್ಟೇ ಅಗಲದ ಗುಂಡಿ, ಅಗೆದ ಮಣ್ಣಿಗೆ ಕಾಂಪೋಸ್ಟ್ ಬೆರೆಸಿ, ಗುಂಡಿಯ ನಡುವೆ ಸಣ್ಣ ಗುಡ್ಡೆ ಮಾಡಿ. ಗುಡ್ಡೆಯ ಮೇಲೆ ಗಿಡ ಕೂರಿಸಿ ಬೇರನ್ನು ಸುತ್ತ ಇಳಿಬಿಡಿ. ಆ ಬಿಳಿ ಜಾಗ ಮಣ್ಣಿನಿಂದ ಒಂದು ಇಂಚಿಗಿಂತ ಕೆಳಗೆ ಹೋಗಬಾರದು. ಆಳವಾಗಿ ಹೂತರೆ ಹೂವು ಬರುವುದಿಲ್ಲ, ಜೇಡಿಯಲ್ಲಿ ಕೊಳೆಯುವುದೂ ಉಂಟು. ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ. ಈಗ ಖಾಲಿ ಖಾಲಿ ಅನಿಸುತ್ತದೆ, ಇರಲಿ ಬಿಡಿ. ವಾರಕ್ಕೆ ಒಂದು ಇಂಚು ನೀರು, ಸ್ಪ್ರಿಂಕ್ಲರ್ ಇದ್ದರೆ ಖಾಲಿ ಡಬ್ಬಿ ಇಟ್ಟು ಅಳೆಯಿರಿ. ಸೆಪ್ಟೆಂಬರ್ ಕೊನೆಯೊಳಗೆ ನೆಟ್ಟು ಮುಗಿಸಿ, ನೆಲ ಹೆಪ್ಪುಗಟ್ಟುವ ಮೊದಲು ಬೇರು ಹಿಡಿಯಲು ಕನಿಷ್ಠ ಆರು ವಾರ ಸಿಗಬೇಕು. ಮೊದಲ ಚಳಿಗಾಲ ಮಾತ್ರ ಎರಡು ಇಂಚು ಒಣ ಎಲೆ ಹೊದಿಸಿ, ಇಲ್ಲದಿದ್ದರೆ ನೆಲ ಹೆಪ್ಪುಗಟ್ಟಿ ಕರಗಿ ಮಾಡುವಾಗ ಹೊಸ ಗಿಡ ಮೇಲೆದ್ದುಬಿಡುತ್ತದೆ.

ಇಡೀ ಸಾಲನ್ನು ಒಂದೇ ಶನಿವಾರ ಮುಗಿಸಲು ಹೋಗಬೇಡಿ. ಸಂಜೆಗೆ ಒಂದು ಬುಡ ಸಾಕು.

ಉಳಿದ ಕೆಲಸ ಸಣ್ಣಪುಟ್ಟದ್ದು. ಕಳೆ ಬೀಜ ಉದುರಿಸುವ ಮೊದಲು ಕಿತ್ತುಬಿಡಿ, ಈ ತಿಂಗಳಲ್ಲಿ ಅದೊಂದನ್ನು ಮಾತ್ರ ಮುಂದೂಡಬೇಡಿ. ಟೊಮ್ಯಾಟೊ ತೆಗೆದ ಮಡಿಯಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಬಿತ್ತಿ, ತಂಪಿಗೆ ಚೆನ್ನಾಗಿ ಬರುತ್ತವೆ. ಅಜೇಲಿಯಾ, ರೋಡೋಡೆಂಡ್ರನ್‌ಗೆ ಕತ್ತರಿ ಹಾಕಬೇಡಿ, ಮುಂದಿನ ವಸಂತದ ಮೊಗ್ಗು ಈಗಾಗಲೇ ಕೂತಿದೆ. ಮಣ್ಣು ಪರೀಕ್ಷೆ ಮಾಡಿಸಿಲ್ಲದಿದ್ದರೆ ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪ್ರಯೋಗಾಲಯಕ್ಕೆ ಕಳಿಸಿ. ಕರಿಬೇವು, ಮಲ್ಲಿಗೆ ಕುಂಡಗಳನ್ನು ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮೊದಲು ಹುಳ ನೋಡಿ ಒಳಗಿಡಿ. ಕೋನ್‌ಫ್ಲವರ್ ಒಣಗಿದೆ ಅಂತ ಕತ್ತರಿಸಬೇಡಿ. ನೀವು ಕಳೆ ಕೀಳುತ್ತಾ ಕೂತಿರುವಾಗಲೇ ಹಳದಿ ಗೋಲ್ಡ್‌ಫಿಂಚ್ ಬಂದು ತಲೆಕೆಳಗಾಗಿ ನೇತಾಡಿಕೊಂಡು ಬೀಜ ಹೆಕ್ಕುತ್ತದೆ, ಸೆಪ್ಟೆಂಬರ್‌ನಲ್ಲಿ ಮೊನಾರ್ಕ್ ಚಿಟ್ಟೆಗಳು ದಕ್ಷಿಣಕ್ಕೆ ಹೊರಟಿರುತ್ತವೆ. ಅಷ್ಟನ್ನು ನೋಡಲಾದರೂ ಅಂಗಳದಲ್ಲಿರಬೇಕು.

ಡೇಲಿಲಿ ಕಾಯಿ ಕಟ್ಟಿದ್ದರೆ ಈಗ ಕಂದು ಬಣ್ಣಕ್ಕೆ ತಿರುಗಿ ಬಿರಿಯುತ್ತಿರುತ್ತದೆ, ಒಳಗೆ ಹೊಳೆಯುವ ಕಪ್ಪು ಬೀಜ. ಹೂವು ಮುಖ್ಯ ಅಂದರೆ ಕಾಯಿ ಎಳೆಯದಾಗಿರುವಾಗಲೇ ತೆಗೆಯಬೇಕು. ಕುತೂಹಲ ಇದ್ದರೆ ಬೀಜ ಬಿತ್ತಿ. ತಾಯಿಯ ಹಾಗೆ ಬರುವುದಿಲ್ಲ, ಎರಡು ಮೂರು ವರ್ಷ ಬೇಕು, ಆದರೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲದ ಹೂವು ನಿಮ್ಮದಾಗುತ್ತದೆ.

ಬೆಂಗಳೂರಿಗೆ ಸೂಟ್‌ಕೇಸಿನಲ್ಲಿ ಒಯ್ಯುವುದು ಬೇಡ. ಭಾರತಕ್ಕೆ ಗಿಡ ತರಲು ಆಮದು ಪರವಾನಗಿ, ಇಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ರೋಗ ಹೋಗುವ ದಾರಿಯೂ ಅದೇ ಅಲ್ವಾ. ಅದೂ ಅಲ್ಲದೆ ಚಳಿಗೆ ಎಲೆ ಉದುರಿಸಿ ಮಲಗುವ ಜಾತಿಗೆ ಅಲ್ಲಿ ಚಳಿ ಸಾಲದು. ಅಮ್ಮನಿಗೆ ಅಲ್ಲಿನ ನರ್ಸರಿಯಲ್ಲೇ, ವರ್ಷವಿಡೀ ಹಸಿರಾಗಿರುವ ಡೇಲಿಲಿ ಕೇಳಲು ಹೇಳಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಮನೆಯಲ್ಲಿ ಬೆಕ್ಕಿದ್ದರೆ ಡೇಲಿಲಿ ಹೂವನ್ನು ಒಳಗೆ ತಂದು ಇಡಬೇಡಿ, ದೇವರ ಮನೆಗೂ ಬೇಡ. ಎಲೆ, ಹೂವು, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಆ ಕ್ಷಣವೇ ಡಾಕ್ಟರ ಹತ್ತಿರ ಓಡಬೇಕು. ಬೆಕ್ಕು ಇಲ್ಲದಿದ್ದರೆ ಗೌರಿ ಹಬ್ಬದ ಬೆಳಗ್ಗೆ ಸ್ಟೆಲ್ಲಾದಲ್ಲಿ ಒಂದೆರಡು ಹೂವು ಸಿಕ್ಕರೂ ಸಿಗಬಹುದು. ಬೆಳಗ್ಗೆ ಕಿತ್ತದ್ದು ರಾತ್ರಿಗೆ ಬಾಡುತ್ತದೆ, ಒಂದು ಹೂವಿಗೆ ಒಂದೇ ದಿನ.

ನಾಳೆ ಬೆಳಕಿನಲ್ಲಿ ಎರಡು ಫೋಟೋ ಹಾಕಿ ಮೇಡಂ. ಒಂದು ಒಣಗಿದ ದಂಟಿನ ತುದಿಯದು, ಇನ್ನೊಂದು ಎಲೆ ಒರೆಸಿದ ಟಿಶ್ಯೂದು. ಹೂವಿನ ಬಣ್ಣ ಕಿತ್ತಳೆಯೋ ಹಳದಿಯೋ ಅದನ್ನೂ ಹೇಳಿ. ಅದನ್ನು ನೋಡಿಕೊಂಡು ಯಾವ ಬುಡದಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.