ಆರೇ ಚಿಹ್ನೆಯ ಜಾವಾಸ್ಕ್ರಿಪ್ಟ್: ಕೂಪನ್ ಮುಚ್ಚಿಡಲು ಆಗುತ್ತಾ?

ಪ್ರಶ್ನೆ: ನಮಸ್ತೆ ಸರ್. ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ಸೀನಿಯರ್ ಒಬ್ಬರು ಒಂದು ಕೋಡ್ ತೋರಿಸಿದರು. ಪುಟದ ತುಂಬಾ ಬರೀ ಬ್ರಾಕೆಟ್, ಪ್ಲಸ್, ಆಶ್ಚರ್ಯಸೂಚಕ. ಒಂದು ಅಕ್ಷರ ಇಲ್ಲ, ಒಂದು ಅಂಕಿ ಇಲ್ಲ. ಬ್ರೌಸರ್‌ಗೆ ಹಾಕಿದರೆ ಅಲರ್ಟ್ ಬಂತು! ಇದು ಹೇಗೆ ಸರ್? ಇನ್ನೊಂದು ವಿಷಯ. ಚಿಕ್ಕಪ್ಪನ ಬಟ್ಟೆ ಅಂಗಡಿಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಹಬ್ಬದ ರಿಯಾಯಿತಿ ಕೂಪನ್ ಅದರ ಜಾವಾಸ್ಕ್ರಿಪ್ಟ್‌ನಲ್ಲೇ, ಅಂದರೆ ಬ್ರೌಸರ್‌ನಲ್ಲಿ ಓಡುವ ಕೋಡ್‌ನಲ್ಲೇ ಇದೆ. ಹೀಗೆ ಬರೆದು ಮುಚ್ಚಿಟ್ಟರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಉತ್ತರ: ಗೊತ್ತಾಗುತ್ತೆ. ಅರ್ಧ ನಿಮಿಷ ಸಾಕು. ಅದು ಹೇಗೆಂದು ಆಮೇಲೆ ಹೇಳುತ್ತೇನೆ, ಮೊದಲು ಆಟ ನೋಡೋಣ. ಆಟ ಮಾತ್ರ ನಿಜಕ್ಕೂ ಚೆನ್ನಾಗಿದೆ.

ನೀವು ನೋಡಿದ್ದರ ಹೆಸರು ಜೆಎಸ್‌ಫಕ್. ಮನೆಯಲ್ಲಿ ಹಿರಿಯರ ಮುಂದೆ ಹೇಳುವ ಹೆಸರಲ್ಲ ಬಿಡಿ. 1993ರಲ್ಲಿ ಬಂದ, ಎಂಟೇ ಚಿಹ್ನೆಯ ಒಂದು ತರಲೆ ಪ್ರೋಗ್ರಾಮಿಂಗ್ ಭಾಷೆಯ ಹೆಸರಿನ ಬಾಲ ಅದು. ಇಲ್ಲಿ ಎಂಟೂ ಬೇಡ, ಆರೇ ಸಾಕು: `[ ] ( ) ! +`

ಬ್ರೌಸರ್‌ನಲ್ಲಿ ಎಫ್12 ಒತ್ತಿ, ಕೋಡ್ ಹೊಡೆದು ನೋಡುವ ಕನ್ಸೋಲ್ ತೆರೆಯಿರಿ. `[]` ಅಂದರೆ ಖಾಲಿ ಅರೇ, ಏನೂ ಇಲ್ಲದ ಪಟ್ಟಿ. ಖಾಲಿ ಆದರೂ ಅದು ಒಂದು ಆಬ್ಜೆಕ್ಟ್, ಹಾಗಾಗಿ ಜಾವಾಸ್ಕ್ರಿಪ್ಟ್ ಅದನ್ನು ‘ಇದೆ’ ಅಂತಲೇ ಎಣಿಸುತ್ತೆ. ಅದರ ಎಡಗಡೆ ಒಂದು `!` ಹಾಕಿ, ಅಂದರೆ ‘ಅಲ್ಲ’. `![]` ಫಾಲ್ಸ್ (false, ಸುಳ್ಳು) ಆಯಿತು. ಎರಡು ಹಾಕಿದರೆ, `!![]` ಟ್ರೂ (true, ನಿಜ). ಈಗ `+[]` ಹೊಡೆಯಿರಿ. ಸೊನ್ನೆ ಬರುತ್ತೆ! ಎಡಗಡೆ ಪ್ಲಸ್ ಇದ್ದರೆ ‘ಇದನ್ನು ಸಂಖ್ಯೆ ಮಾಡು’ ಅಂತ ಅರ್ಥ. ಖಾಲಿ ಅರೇ ಮೊದಲು ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗುತ್ತೆ, ಖಾಲಿ ಸ್ಟ್ರಿಂಗ್ ಸೊನ್ನೆ ಆಗುತ್ತೆ. ಅದೇ ಲೆಕ್ಕದಲ್ಲಿ `+!![]` ಅಂದರೆ ಒಂದು. `!![]+!![]` ಅಂದರೆ ಎರಡು. ಅಂಕಿಗಳ ಚಿಂತೆ ಮುಗಿಯಿತು.

ಅಕ್ಷರಗಳು? `![]+[]` ಹೊಡೆದು ನೋಡಿ. ಅರೇ ಜೊತೆ ಕೂಡಿಸಿದರೆ ಎರಡೂ ಸ್ಟ್ರಿಂಗ್ ಆಗಿ ಅಂಟಿಕೊಳ್ಳುತ್ತವೆ. ಈಗ ನಿಮ್ಮ ಕೈಯಲ್ಲಿರುವುದು ಸುಳ್ಳು ಎಂಬ ಉತ್ತರ ಅಲ್ಲ, ‘ಫಾಲ್ಸ್’ ಎಂಬ ಇಂಗ್ಲಿಷ್ ಪದ. ಅದರ ಅಕ್ಷರ ಕಿತ್ತುಕೊಳ್ಳಬಹುದು:

`(![]+[])[+!![]]`

ಎಣಿಕೆ ಸೊನ್ನೆಯಿಂದ ಶುರು, ಆದ್ದರಿಂದ ಒಂದನೇ ಜಾಗದಲ್ಲಿರುವುದು ‘ಎ’. ಒಂದು ಅಕ್ಷರಕ್ಕೆ 15 ಚಿಹ್ನೆ! ಎಲ್ ಕೂಡ ಅದೇ ಪದದಲ್ಲಿದೆ. ಇ, ಆರ್, ಟಿ ಮೂರೂ ‘ಟ್ರೂ’ ಪದದಲ್ಲಿ ಸಿಗುತ್ತವೆ. ಅಲರ್ಟ್ ಪದ ರೆಡಿ. ಆದರೆ ಪದ ಇದ್ದರೆ ಸಾಲದು, ಅದು ಓಡಬೇಕಲ್ಲ?

ನನಗೆ ತುಂಬಾ ಇಷ್ಟವಾದ ಜಾಗ ಇದು. ಅರೇಗೆ ‘ಫ್ಲ್ಯಾಟ್’ (flat) ಎಂಬ ಫಂಕ್ಷನ್, ಅಂದರೆ ಕರೆದರೆ ಓಡುವ ಕೋಡ್ ತುಣುಕು ಇದೆ. ಆ ಹೆಸರಿನ ನಾಲ್ಕೂ ಅಕ್ಷರ ನಮ್ಮ ಬಳಿ ಈಗಾಗಲೇ ಇವೆ. ಆ ಫಂಕ್ಷನ್ನನ್ನೇ ಸ್ಟ್ರಿಂಗ್ ಮಾಡಿದರೆ ‘ಫಂಕ್ಷನ್ ಫ್ಲ್ಯಾಟ್’ ಅಂತ ಶುರುವಾಗುವ ಪಠ್ಯ ಬರುತ್ತೆ. ಅದರಲ್ಲಿ ಸಿ, ಒ, ಎನ್ ಸಿಕ್ಕವು. ಈಗ ‘ಕನ್‌ಸ್ಟ್ರಕ್ಟರ್’ (constructor, ಹೊಸದನ್ನು ಕಟ್ಟಿಕೊಡುವುದು) ಎಂಬ ಪದ ಜೋಡಿಸಬಹುದು. ಯಾವುದೇ ಫಂಕ್ಷನ್ನಿನ ಕನ್‌ಸ್ಟ್ರಕ್ಟರ್‌ಗೆ ಒಂದು ಸ್ಟ್ರಿಂಗ್ ಕೊಟ್ಟರೆ ಅದು ಆ ಸ್ಟ್ರಿಂಗನ್ನೇ ಕೋಡ್ ಮಾಡಿ ಹೊಸ ಫಂಕ್ಷನ್ ಕೊಡುತ್ತೆ. ಕೊನೆಗೆ `()` ಹಾಕಿದರೆ ಓಡುತ್ತೆ. ಇಷ್ಟೇ ನಿಮ್ಮ ಸೀನಿಯರ್ ತೋರಿಸಿದ ಜಾದೂ.

ಜಾವಾಸ್ಕ್ರಿಪ್ಟ್ ಭಾಷೆ ಯಾಕೆ ಹೀಗೆ ಅಂದರೆ, 1995ರಲ್ಲಿ ಬ್ರೆಂಡನ್ ಐಕ್ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿದ್ದಾಗ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿದರು. ತಪ್ಪು ಬಗೆಯ ಮೌಲ್ಯ ಬಂದರೆ ಎರರ್ ಕೊಡುವ ಬದಲು ಹೇಗೋ ಹೊಂದಿಸಿಕೊಂಡು ಹೋಗುವ ಗುಣ ಅದಕ್ಕೆ ಅಂಟಿತು. ಈಗ ಅದನ್ನು ತೆಗೆದರೆ ಹಳೆಯ ಸೈಟುಗಳು ಮುರಿಯುತ್ತವೆ.

ಈಗ ಕೂಪನ್ ವಿಷಯ. ನಿಮ್ಮ ಊರಿನ ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಒಂದು ಹಿಡಿ ಅಕ್ಕಿ ಹಾಕಿದರೆ ಮೊರ ತುಂಬುತ್ತೆ. ಇದೂ ಹಾಗೇ. ಚಿಕ್ಕ ಕೋಡ್ ಉಬ್ಬಿ ದೊಡ್ಡ ರಾಶಿ ಆಗುತ್ತೆ, ಒಳಗಿರುವುದು ಅದೇ ಅಕ್ಕಿ. ಸೈಟ್ ತೆರೆಯುವುದು ನಿಧಾನ ಆಗುತ್ತೆ ಅಷ್ಟೆ. ಅರ್ಧ ನಿಮಿಷದ ಮಾತು ಹೇಳಿದೆನಲ್ಲ, ಇಲ್ಲಿ ನೋಡಿ: ಆ ರಾಶಿಯ ಕೊನೆಯ `()` ಒಂದನ್ನು ಅಳಿಸಿ ಕನ್ಸೋಲ್‌ಗೆ ಹಾಕಿ. ಕೋಡ್ ಓಡುವುದಿಲ್ಲ. ಬದಲಿಗೆ ಹೊಸ ಫಂಕ್ಷನ್ ಸಾಮಾನ್ಯವಾಗಿ ಮೂಲ ಕೋಡ್ ಸಮೇತ ಎದುರಿಗೇ ಬಂದು ಕೂರುತ್ತೆ. ನಿಮ್ಮ ಕೂಪನ್ ಕೂಡ!

ಹಾಗಾದರೆ ಇದು ಯಾರಿಗೆ ಬೇಕು? ಫಿಲ್ಟರ್ ತಪ್ಪಿಸುವವರಿಗೆ. ಅಕ್ಷರ, ಅಂಕಿ ಇದ್ದರೆ ಮಾತ್ರ ಸ್ಕ್ರಿಪ್ಟ್ ಅಂದುಕೊಳ್ಳುವ ಫಿಲ್ಟರ್ ಈ ಬ್ರಾಕೆಟ್‌ಗಳನ್ನು ಸುಮ್ನೆ ಒಳಗೆ ಬಿಡುತ್ತೆ. ಆನ್‌ಲೈನ್ ಮಾರಾಟದ ಇಬೇ ಸೈಟ್‌ನಲ್ಲಿ ಇದೇ ಉಪಾಯ ಬಳಸಿ ನುಗ್ಗಬಹುದು ಅಂತ 2016ರಲ್ಲಿ ಚೆಕ್ ಪಾಯಿಂಟ್ ಕಂಪನಿಯ ಭದ್ರತಾ ತಜ್ಞರು ತೋರಿಸಿದ್ದರು. ತಡೆಯಲು ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಇದೆ, ಅಂದರೆ ಯಾವ ಕೋಡ್ ಓಡಬಹುದು ಅಂತ ಸೈಟ್ ಬ್ರೌಸರ್‌ಗೆ ಹೇಳುವ ನಿಯಮ. ಸ್ಟ್ರಿಂಗನ್ನು ಕೋಡ್ ಮಾಡುವುದಕ್ಕೆ ಅದರಲ್ಲಿ ಅನುಮತಿ ಇಲ್ಲದಿದ್ದರೆ, ನಾವು ಕಷ್ಟಪಟ್ಟು ಜೋಡಿಸಿದ ಕನ್‌ಸ್ಟ್ರಕ್ಟರ್ ಅಲ್ಲೇ ನಿಂತುಬಿಡುತ್ತೆ.

ನೀವು ಮಾಡಬೇಕಾದ್ದು ಬೇರೆ. ಗ್ರಾಹಕರು ಹೊಡೆದ ಕೂಪನ್ ಸರ್ವರ್‌ಗೆ ಹೋಗಲಿ, ಸರಿಯೋ ತಪ್ಪೋ ಸರ್ವರ್ ಹೇಳಲಿ, ಬೆಲೆಯನ್ನೂ ಅದೇ ಲೆಕ್ಕ ಹಾಕಲಿ. ಬ್ರೌಸರ್‌ಗೆ ಕಳಿಸಿದ್ದೆಲ್ಲ ಗಿರಾಕಿಯ ಕೈಗೆ ಕೊಟ್ಟ ಹಾಗೆ. ಮತ್ತೆ ಈಗಿರುವ ಕೂಪನ್ ಅನ್ನು ಇವತ್ತೇ ರದ್ದು ಮಾಡಿ. ಅದನ್ನು ಯಾರಾದರೂ ಆಗಲೇ ಓದಿರಬಹುದು. ಯಾವುದಕ್ಕೂ ಚಿಕ್ಕಪ್ಪನ ಹತ್ತಿರ ಕಳೆದ ವಾರದ ಬಿಲ್‌ಗಳನ್ನು ಒಮ್ಮೆ ಕೇಳಿ ನೋಡಿ.