ಅಮ್ಮನಿಗೆ ಮೊದಲು, ಗೋಡೆಗೆ ಆಮೇಲೆ

ಡೊಂಬಿವಲಿಯ ಹುಡುಗಿಯೊಬ್ಬಳ ಪತ್ರ ಓದಿ ಎರಡು ದಿನ ಬೇರೆ ಪತ್ರ ಬಿಚ್ಚಲು ಮನಸ್ಸೇ ಬರಲಿಲ್ಲ. ನನ್ನ ಮಗಳ ವಯಸ್ಸು, ಏಕವಚನದಲ್ಲೇ ಬರೆಯುತ್ತೇನೆ.

ನಿನಗೆ 28. ಧಾರವಾಡದಿಂದ ಬಂದ ಹಿಂದೂ ಮನೆ. ಹುಡುಗ ಬಂಟ್ವಾಳದ ಬ್ಯಾರಿ ಮುಸ್ಲಿಂ, ಕುರ್ಲಾದಲ್ಲಿ ಭಾವನ ಮನೆಯಲ್ಲಿದ್ದಾನೆ. ನಿನ್ನ ಅಪ್ಪ ಅಮ್ಮ ಗೊಣಗಿ ಗೊಣಗಿ ಒಪ್ಪಿದ್ದಾರೆ. ಇಬ್ಬರೂ ಮತ ಬಿಡದೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ. ಈ ಮದುವೆ ಎರಡು ಕೋಮುಗಳ ನಡುವೆ ಸೇತುವೆ ಆಗಬೇಕು, ಯಾರನ್ನೆಲ್ಲ ಕರೆಯಲಿ ಅಂತ ಮೂರು ಪುಟ ಕೇಳಿದ್ದೀಯ. ಕೊನೆಯಲ್ಲಿ, ಜಾಗ ಇಲ್ಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಒಂದೇ ಸಾಲು: 'ಅವನ ಅಮ್ಮನಿಗೆ ಇನ್ನೂ ಗೊತ್ತಿಲ್ಲ, ರಿಜಿಸ್ಟರ್ ಆದಮೇಲೆ ಭಾವ ಹೇಳ್ತಾರಂತೆ.'

ನಾನು ಆ ಸಾಲಿಗೇ ಉತ್ತರ ಕೊಡುವುದು.

ಕಾಯ್ದೆ ಏನು ಹೇಳುತ್ತದೆ ಗೊತ್ತಲ್ವಾ? ಮದುವೆ ಆಗುತ್ತೇವೆ ಅಂತ ನೋಟಿಸ್ ಕೊಟ್ಟರೆ ಅದನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. 30 ದಿನ ಆಕ್ಷೇಪಣೆಗೆ. ಮತ ಬೇರೆ ಅಂತ ಯಾರೂ ತಡೆಯುವಂತಿಲ್ಲ. ವಯಸ್ಸು, ಮೊದಲೇ ಆದ ಮದುವೆ, ಹತ್ತಿರದ ರಕ್ತಸಂಬಂಧ ಇಂಥವಕ್ಕೆ ಮಾತ್ರ ತಕರಾರು ನಡೆಯುತ್ತದೆ. ಆದರೆ ಇನ್ನೊಂದಿದೆ. ಅವನ ಕಾಯಂ ವಾಸ ಇನ್ನೂ ಬಂಟ್ವಾಳವೇ ಅಂತಾದರೆ ನೋಟಿಸಿನ ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿಯ ಗೋಡೆಗೂ ಏರುತ್ತದೆ. ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರೆ ಸಂಜೆಯೊಳಗೆ ಆ ತಾಯಿಯ ಕೈಯಲ್ಲಿರುತ್ತದೆ. ಪ್ರತಿ ಸಲ ಮಗ ಊರಿಂದ ಹೊರಟಾಗ 'ಆಫೀಸಿನ ಹುಡುಗಿಗೆ' ಅಂತ ಮಿಡಿ ಉಪ್ಪಿನಕಾಯಿ ಕಟ್ಟಿಕೊಡುವ ತಾಯಿ ಅಂತ ನೀನೇ ಬರೆದಿದ್ದೀಯ.

ನನಗೆ ಸಿಟ್ಟು ಬಂದದ್ದು ಭಾವನ ಮೇಲೆ. ದೊಡ್ಡ ಮನುಷ್ಯ! ತಾನು ಮಧ್ಯಸ್ಥ ಆಗುವ ಆಸೆಗೆ ಹುಡುಗನನ್ನು ಹೇಡಿ ಮಾಡುತ್ತಿದ್ದಾನೆ. ಮನೆಯ ಸುದ್ದಿ ಮೂರನೆಯವರ ಬಾಯಲ್ಲಿ ಕಳಿಸಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ. ಹುಡುಗನಿಗೆ ಜೀವಭಯ ಇದ್ದರೆ ಬೇರೆ ಮಾತು, ಆಗ ಮೊದಲು ವಕೀಲರನ್ನು ನೋಡಿ ಅನ್ನುತ್ತಿದ್ದೆ. ನಿನ್ನ ಪತ್ರದಲ್ಲಿ ಕಾಣುವುದು ಬರೀ ಮುಜುಗರ.

ಸೇತುವೆಯ ವಿಷಯಕ್ಕೆ ಬರ್ತೀನಿ. 1992ರ ಡಿಸೆಂಬರಿನಲ್ಲಿ, ಬಾಬರಿ ಮಸೀದಿ ಬಿದ್ದಮೇಲಿನ ಮುಂಬಯಿ ಗಲಭೆಯಲ್ಲಿ, ನಾವು ಮಾಟುಂಗಾದಲ್ಲಿ ಕಿಟಕಿ ಮುಚ್ಚಿ ಕೂತಿದ್ದೆವು. 1970ರಲ್ಲಿ, 1984ರಲ್ಲಿ ಕೋಮುಗಲಭೆಯಲ್ಲಿ ಹೊತ್ತಿ ಉರಿದಿದ್ದ ಪಕ್ಕದ ಊರು ಭಿವಂಡಿ ಆ ಸಲ ತಣ್ಣಗಿತ್ತು. ಯಾಕೆ? 1988ರ ನಂತರ ಅಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿಸಿದ್ದರು. ಅಕ್ಕಪಕ್ಕದ ಹಿಂದೂ ಮುಸ್ಲಿಮರು ಪೊಲೀಸರ ಜೊತೆ ಕೂತು ಮಾತಾಡುತ್ತಿದ್ದರು, ಗಲಾಟೆ ಇಲ್ಲದ ದಿನಗಳಲ್ಲೂ. ಎದುರು ಬದುರು ಕೂತು ಮಾತಾಡುವ ಕೆಲಸ ಅದು, ಭಾಷಣದ್ದಲ್ಲ. ನಿಮ್ಮ ಮದುವೆಗೆ ಮೂರು ಸಾಕ್ಷಿ ಸಾಕು, ಬ್ಯಾನರ್ ಬೇಡ.

ಮಾಡಬೇಕಾದ್ದು ಒಂದೇ. ಈ ಶನಿವಾರ ಅವನು ಕುರ್ಲಾ ಟರ್ಮಿನಸ್ಸಿನಲ್ಲಿ ಮಂಗಳೂರಿನ ಮತ್ಸ್ಯಗಂಧಾ ರೈಲು ಹತ್ತಲಿ, ಒಬ್ಬನೇ. ವಿಡಿಯೊ ಕಾಲ್ ಬೇಡ. ಅಮ್ಮನ ಅಡುಗೆಮನೆಯಲ್ಲಿ ಕೂತು ನಿನ್ನ ಹೆಸರು ಹೇಳಲಿ. ಅವರು ಅಳಲಿ, ಬೈಯಲಿ, ಎರಡು ದಿನ ಮಾತು ಬಿಡಲಿ, ಅವನು ಅಲ್ಲೇ ಇರಲಿ. ಅವನು ವಾಪಸ್ ಬಂದಮೇಲೆ ನೀನು ನೋಟಿಸಿಗೆ ಸಹಿ ಹಾಕು. ಅಲ್ಲಿಯವರೆಗೆ ಪೆನ್ ಮುಟ್ಟಬೇಡ.