ಭ್ರೂಣದಲ್ಲೇ ಜೀನ್ ತಿದ್ದಿಸೋದು ಭಾರತದಲ್ಲಿ ಕಾನೂನುಬದ್ಧವಾ?

ಮೊದಲ ಮಗುವಿಗೆ ಥಲಸ್ಸೀಮಿಯಾ ಮೇಜರ್ (ಆಗಾಗ ರಕ್ತ ಕೊಡಿಸಬೇಕಾದ ಆನುವಂಶಿಕ ರಕ್ತದ ಕಾಯಿಲೆ) ಇದೆ, ಎರಡನೆಯದಕ್ಕೆ ಬಾರದ ಹಾಗೆ ಭ್ರೂಣದಲ್ಲೇ ಜೀನ್ ತಿದ್ದಿಕೊಡ್ತೀವಿ ಅಂತ ಏಜೆಂಟ್ ಒಬ್ಬ ಅಡ್ವಾನ್ಸ್ ಕೇಳುತ್ತಿದ್ದಾನೆ, ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಒಂದು ರೂಪಾಯಿನೂ ಕೊಡಬೇಡಿ.

ನಾನು ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲರ್. ಒಂದು ಕೈಗೆ ರಕ್ತದ ಡ್ರಿಪ್, ಇನ್ನೊಂದು ಕೈಯಲ್ಲಿ ಹೋಂವರ್ಕ್ ಬರೆಯುವ ಮಕ್ಕಳನ್ನು ದಿನಾ ನೋಡುತ್ತೇನೆ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತಿತರ ಸಂಸ್ಥೆಗಳು ಸೇರಿ 2019ರಲ್ಲಿ ತಂದ ಜೀನ್ ಥೆರಪಿ ಮಾರ್ಗಸೂಚಿ, ಮುಂದಿನ ಪೀಳಿಗೆಗೆ ಹರಿಯುವ ಬದಲಾವಣೆಯನ್ನು ನಿಷೇಧಿಸಿದೆ. ಭ್ರೂಣದಲ್ಲಿ ಆದ ತಪ್ಪು ಆ ಮಗುವಿಗೆ ನಿಲ್ಲುವುದಿಲ್ಲ, ಅದರ ಮಕ್ಕಳಿಗೂ ಹೋಗಬಹುದು. ಅವರನ್ನು ಕೇಳಿದವರು ಯಾರು? ಚೀನಾದಲ್ಲಿ ಹೆ ಜಿಯಾನ್‌ಕುಯಿ ಅನ್ನುವ ವಿಜ್ಞಾನಿ ಹೀಗೆ ಜೀನ್ ತಿದ್ದಿದ ಅವಳಿ ಮಕ್ಕಳು ಹುಟ್ಟಿದ ಸುದ್ದಿ 2018ರಲ್ಲಿ ಬಂತು. ಮರುವರ್ಷ ಅವನಿಗೆ 3 ವರ್ಷ ಜೈಲಾಯಿತು.

ಈಗಾಗಲೇ ಹುಟ್ಟಿರುವ ರೋಗಿಯ ರಕ್ತದ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ತೆಗೆದು, ತಿದ್ದಿ, ವಾಪಸ್ ಕೊಡುವುದು ಬೇರೆ ವಿಷಯ. ಕ್ಯಾಸ್ಜೆವಿ ಅನ್ನುವ ಚಿಕಿತ್ಸೆ ಹೀಗೇ ಕೆಲಸ ಮಾಡುತ್ತದೆ. ಬ್ರಿಟನ್ 2023ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್! ಆದರೆ ಆ ತಿದ್ದುಪಡಿ ಆ ರೋಗಿಯಲ್ಲೇ ಉಳಿಯುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲಿ. ನಮ್ಮ ಯಾವ ಸ್ಕ್ಯಾನಿಂಗ್ ಸೆಂಟರ್‌ಗೆ ಹೋದರೂ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅನ್ನುವ ಬೋರ್ಡ್ ಇರುತ್ತದೆ, ಅಲ್ವಾ? ಅದರ ಹಿಂದೆ 1994ರ ಕಾಯ್ದೆ ಇದೆ, ಜೈಲು ಶಿಕ್ಷೆ ಇದೆ. ಭ್ರೂಣದ ಜೀನ್ ತಿದ್ದುವುದಕ್ಕೆ ಅಂತಹ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಹೆಣ್ಣು ಬೇಡ ಅಂದವರು ನಾಳೆ ಬಣ್ಣ, ಎತ್ತರ ಕೇಳುತ್ತಾರೆ. ಏಜೆಂಟರು ಅಂಗಡಿ ತೆರೆಯುವ ಮುಂಚೆಯೇ ಸಂಸತ್ತು ಕಾಯ್ದೆ ತರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ನಿಮಗೆ ಕಾನೂನು ಒಪ್ಪುವ ದಾರಿಗಳಿವೆ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ (ತಮಗೆ ರೋಗವಿಲ್ಲದಿದ್ದರೂ ಅದರ ಜೀನ್ ಹೊತ್ತವರು) ಆಗಿದ್ದರೆ ಪ್ರತಿ ಗರ್ಭದಲ್ಲೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಐವಿಎಫ್ (ದೇಹದ ಹೊರಗೆ ಲ್ಯಾಬ್‌ನಲ್ಲಿ ಭ್ರೂಣ ಮಾಡುವುದು) ಮಾಡಿಸಿ, ಭ್ರೂಣಗಳನ್ನು ಪರೀಕ್ಷಿಸಿ, ಈ ರೋಗ ಇಲ್ಲದ್ದನ್ನು ಗರ್ಭಕ್ಕೆ ಸೇರಿಸಬಹುದು. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಗೊತ್ತಿರುವ ಆನುವಂಶಿಕ ಕಾಯಿಲೆಗೆ ಈ ಪರೀಕ್ಷೆಯನ್ನು ಒಪ್ಪುತ್ತದೆ. ಸಹಜವಾಗಿ ಗರ್ಭ ನಿಂತರೆ, 11ನೇ ವಾರದ ಸುಮಾರಿಗೆ ಸಿವಿಎಸ್ (ಪ್ಲಾಸೆಂಟಾದ ಚೂರು ತೆಗೆದು ಮಗುವಿಗೆ ರೋಗ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಬಹುದು.

ಯಾವುದೇ ಆದರೂ, ಗರ್ಭ ಧರಿಸುವ ಮೊದಲೇ ನಿಮ್ಮಿಬ್ಬರ ಮತ್ತು ಮೊದಲ ಮಗುವಿನ ಮ್ಯುಟೇಶನ್ ರಿಪೋರ್ಟ್ (ಜೀನ್‌ನಲ್ಲಿ ಯಾವ ದೋಷ ಇದೆ ಅನ್ನುವ ವರದಿ) ಕೈಯಲ್ಲಿರಲಿ. ಅದಿಲ್ಲದಿದ್ದರೆ ಭ್ರೂಣದಲ್ಲಿ ಏನು ಹುಡುಕಬೇಕು ಅಂತ ಲ್ಯಾಬ್‌ನವರಿಗೆ ಗೊತ್ತಾಗುವುದಿಲ್ಲ.